ಹಾಲಮ್ಮನ ಕುಂಕುಮ ಭರಣಿ

ಗಿರಣಿ ಓಣಿ, ದಾವಣಗೆರೆ
ಹದಿಮೂರನೆಯ ತಿಂಗಳು, ಮೂವತ್ತಾರನೆಯ ತಾರೀಖು

ಶ್ರೀ ವಾಗೀಶ ಅವರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಯದೆ ಹೋದಾಗ ನಮ್ಮ ಹಿರಿಯರು ಕ್ಯಾಲೆಂಡರಿಗೆ ಇನ್ನೊಂದು ಹಾಳೆ ಅಂಟಿಸಿದರು. ನಾನು ನಿಮ್ಮಿಂದ ಐದು ತಲೆಮಾರು ಆಚೆ ಇರುವವಳು, ಹೆಸರು ಹೊನ್ನೂರಮ್ಮ. ನಿಮಗೆ ಗೊತ್ತಿಲ್ಲದ ಶಬ್ದ ಬಂದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ, ಅದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಇದು ಹಿನ್ನೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಕಾಗದ. ಓಣಿಗೆ ತಲೆಮಾರಿಗೊಂದೇ ಸಿಗುತ್ತದೆ. ಕೆರೆ ಮುಚ್ಚಿದವರಿಗೆ ಬರೆಯೋಣವೆಂದು ಕೆಲವರು ಹಟ ಹಿಡಿದರು. ಅಂಥವರು ಕಾಗದ ಓದುವ ಪೈಕಿಯಲ್ಲ ಎಂದು ಜಗಳಾಡಿ ನಾನು ಇದನ್ನು ನಿಮಗಾಗಿ ಇಸಿದುಕೊಂಡೆ.

ನಮ್ಮಲ್ಲಿ ಬೆಳಗ್ಗೆ ಒಂಬತ್ತಕ್ಕೆ ಮುಚ್ಚುಹೊತ್ತು ಶುರುವಾಗುತ್ತದೆ. ಆಮೇಲೆ ಹೊತ್ತು ಇಳಿಯುವ ತನಕ ಬಿಸಿಲಿಗೆ ಕಾಲಿಡುವಂತಿಲ್ಲ. ಮನೆಯೊಳಗೂ ಸುಖವಿಲ್ಲ, ಹಿಟ್ಟು ಕಲಸಿ ಕೈ ತೊಳೆಯುವಷ್ಟರಲ್ಲಿ ಹುಳಿ ಬಂದಿರುತ್ತದೆ. ಓಣಿಯಲ್ಲಿ ಉಸಿರಾಡುವ ಜಾಗ ಒಂದೇ, ಗಿರಣಿ ಪಾರ್ಕಿನ ದೊಡ್ಡ ಹೊಂಗೆಮರದ ಕೆಳಗೆ. ಅಲ್ಲಿಯ ತನಕ ತಟ್ಟಿ ಹೊದಿಸಿದ ದಾರಿಯಿದೆ. ಕೂರಲು ನೆರಳುಪಾಳಿ ಇದೆ, ನಿಮ್ಮ ಕಾಲದ ನಲ್ಲಿಯ ಸಾಲಿನ ಹಾಗೆ. ಜಗಳವೂ ಅದೇ: "ನಿಮ್ಮತ್ತೆ ಇನ್ನೂ ಎದ್ದಿಲ್ಲೇನವ್ವಾ, ನಮ್ಮ ಕೂಸಿಗೆ ಮೈಯೆಲ್ಲಾ ಬೆವರುಸಾಲೆ ಎದ್ದೈತೆ!" ನನ್ನವ್ವ ಚೌಡಮ್ಮನಿಗೆ ಉಬ್ಬಸ. ಆ ನೆರಳು ಹೋದರೆ ಅವಳು ಈ ಬೇಸಿಗೆ ದಾಟುವುದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದಾರೆ.

ಆ ಮರ ನೆಟ್ಟವಳು ನನ್ನ ಮುತ್ತಜ್ಜಿಯ ಮುತ್ತಜ್ಜಿ ಹಾಲಮ್ಮ, ಹತ್ತಿ ಗಿರಣಿಯಲ್ಲಿ ದುಡಿದವಳು. ಗಂಡ ತೀರಿಕೊಂಡಾಗ ಕಾಲುಂಗುರ ತೆಗೆಸುತ್ತಿದ್ದರಲ್ಲ, ನಮ್ಮ ಓಣಿಯ ಹೆಂಗಸರು ಅದನ್ನು ಮಾರುತ್ತಿರಲಿಲ್ಲ, ಸೊಸೆಗೂ ಕೊಡುತ್ತಿರಲಿಲ್ಲ. ಇನ್ನು ಹಣೆಗಿಡದ ಕುಂಕುಮವನ್ನೂ ಕಾಲುಂಗುರವನ್ನೂ ಹಿತ್ತಾಳೆಯ ಭರಣಿಯಲ್ಲಿ ಹಾಕಿ, ಪಾರ್ಕಿನಲ್ಲಿ ಒಂದು ಸಸಿ ನೆಟ್ಟು, ಅದರ ಮೂಡಲ ಬದಿಗೆ ಹೂಳುತ್ತಿದ್ದರು. "ಅವ್ರು ಹೋದ್ರೆ ಹೋದ್ರು, ನೆಳ್ಳಾದ್ರೂ ಇರ್ಲಿ" ಎಂದಳಂತೆ ಹಾಲಮ್ಮ. ನಮ್ಮ ಕಾಲದ ಕಾನೂನು ಇದನ್ನು ಒಡವೆಮರ ಎನ್ನುತ್ತದೆ. ನೆಟ್ಟವರ ಒಡವೆ ಬುಡದಲ್ಲಿ ಸಿಕ್ಕರೆ ಮರ ಓಣಿಯದು, ಯಾರೂ ಮುಟ್ಟುವಂತಿಲ್ಲ. ಸಿಗದಿದ್ದರೆ ಕಡಿದು ಅಲ್ಲಿ ನೀರಿನ ಗೋಪುರ ಕಟ್ಟುತ್ತಾರೆ. ಪಾರ್ಕಿನ ಉಳಿದ ಮರಗಳೆಲ್ಲ ಹಾಗೆಯೇ ಹೋದವು.

ನಿನ್ನೆ ಪರೀಕ್ಷೆಯವರು ಬಂದರು. ನೆಲದೊಳಗಿನ ಲೋಹ ಪತ್ತೆಮಾಡುವ, ನಿಮ್ಮ ಕೈಯಲ್ಲಿರುವಂಥದೇ ಯಂತ್ರ. ನಾವು ನೆಲಗಿವಿ ಎನ್ನುತ್ತೇವೆ. ಮೂಡಲ ಬದಿಗೆ ಹಿಡಿದದ್ದೇ ತಡ, ಗುಂಯ್ ಎಂದಿತು. ಓಣಿಗೆ ಓಣಿಯೇ ಕೇಕೆ ಹಾಕಿತು. ಅವ್ವ ಮರಕ್ಕೆ ಕೈಮುಗಿದಳು. ಗೇಣುದ್ದ ಅಗೆದರು. ಸಿಕ್ಕಿದ್ದು ಸೋಡಾ ಬಾಟಲಿಯ ಮುಚ್ಚಳ! "ಇದು ನಿಮ್ಮಜ್ಜಿದೇನವ್ವಾ?" ಎಂದು ಅಧಿಕಾರಿ ಕೇಳಿದ, ಅವನ ಜೊತೆಯವರು ನಕ್ಕರು. ಅವ್ವ ಗುಣಿಯೊಳಗೆ ಕೈಹಾಕಿ ಕೆದಕಿದಳು. ನೆಲ ಗಟ್ಟಿ, ಉಗುರು ಕಿತ್ತು ರಕ್ತ ಬಂತು.

ಆಮೇಲೆ ಹುಡುಕಿದಾಗ ನಿಮ್ಮ ವಿಡಿಯೊ ಸಿಕ್ಕಿತು. ಕೆರೆ ಹೋಯಿತು, ಮರ ಹೋಯಿತು, ಇದೊಂದು ಮಾತ್ರ ಹಾಳಾಗದೆ ಉಳಿದಿದೆ! ನಮ್ಮ ಹೊಂಗೆಮರದ ಬುಡದಲ್ಲೇ ನೀವು, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಪುಟ್ಟ ಗುದ್ದಲಿ. "ನೋಡ್ರಪ್ಪಾ ಫ್ರೆಂಡ್ಸ್, ಬೆಳ್ಳಿ ಕಾಲುಂಗುರ! ಪಾಪ, ಯಾರೋ ಕಳ್ಕೊಂಡಿದಾರೆ" ಎಂದು ಹಲ್ಲು ಕಿರಿಯುತ್ತೀರಿ. ಕಳ್ಕೊಂಡಿದ್ದಾ? ಬಿದ್ದುಹೋದ ಕಾಲುಂಗುರ ತಾನೇ ಭರಣಿಯೊಳಗೆ ಹೊಕ್ಕು ಮುಚ್ಚಳ ಹಾಕಿಕೊಳ್ಳುತ್ತದೇನ್ರೀ? ಹಾಲಮ್ಮನ ಕುಂಕುಮವನ್ನು ನೆಲಕ್ಕೆ ಕೊಡವಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಿರಲ್ಲ, ನಿಮ್ಮ ಮುಖಕ್ಕಿಷ್ಟು! ಹಿಂದಿನ ಬೆಂಚಿನಲ್ಲಿ ಓಣಿಯ ಮುದುಕಿಯರು ಕೂತಿದ್ದು ವಿಡಿಯೊದಲ್ಲೇ ಕಾಣುತ್ತದೆ. ಒಂದು ಮಾತು ಕೇಳಲು ನಿಮಗೇನು ಧಾಡಿಯಾಗಿತ್ತು? ಆಮೇಲೆ ಸೋಡಾ ಕುಡಿದಿರಿ. ಮುಚ್ಚಳವನ್ನು ಗುಣಿಗೆ ಎಸೆದು, ಬೂಟಿನಲ್ಲಿ ಮಣ್ಣು ತಳ್ಳಿ, "ಅಗೆದ ಗುಣಿ ಮುಚ್ಚೋದು ನಮ್ಮ ಧರ್ಮ" ಎಂದು ಬೇರೆ ಉಪದೇಶ ಮಾಡಿದಿರಿ. ಅದನ್ನು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು.

ಈ ಕಾಗದ ನಿಮಗೆ ಸಿಗುವುದು ವಿಡಿಯೊ ಹಾಕಿದ ಮರುದಿನ. ವಿಡಿಯೊದ ಕೊನೆಗೆ ನೀವೇ ತೋರಿಸಿದ ಹಾಗೆ ಭರಣಿ ಇನ್ನೂ ನಿಮ್ಮ ಮನೆಯ ಶೋಕೇಸಿನಲ್ಲೇ ಇದೆ. ಕಾಲುಂಗುರ ಅದರಲ್ಲಿ ಹಾಕಿ, ಮುಚ್ಚಳ ಬಿಗಿ ಮಾಡಿ, ಈಗಲೇ ಪಾರ್ಕಿಗೆ ಹೋಗಿ. ಪೂಜೆಗೀಜೆ ಏನೂ ಬೇಡ. ನಿನ್ನೆ ಇವರು ಅಗೆದದ್ದು ಒಂದು ಗೇಣು ಮಾತ್ರ, ಅಷ್ಟರಲ್ಲಿ ಭರಣಿ ಸಿಗಲಿಲ್ಲ ಎಂಬುದು ಇನ್ನು ಬದಲಾಗದು. ಆದ್ದರಿಂದ ಅದೇ ಗುಣಿಯಲ್ಲಿ ಒಂದು ಮೊಳ ಆಳಕ್ಕೆ ಇಡಿ. ನಿಮ್ಮ ಸೋಡಾ ಮುಚ್ಚಳವನ್ನು ಮೇಲೆ ಇದ್ದಲ್ಲೇ ಬಿಡಿ. ನಿಮ್ಮಂಥ ಇನ್ನೊಬ್ಬ ಬಂದರೆ ಅದನ್ನು ಕಂಡು ಬೈದುಕೊಂಡು ವಾಪಸು ಹೋಗಲಿ.

ಅಧಿಕಾರಿಯ ಕೈಕಾಲು ಹಿಡಿದು ಇನ್ನೊಂದು ಸಲ ಅಗೆಯಲು ಒಪ್ಪಿಸಿದ್ದೇವೆ. ನಾಳೆ ಬೆಳಗ್ಗೆ, ಮುಚ್ಚುಹೊತ್ತಿಗೆ ಮೊದಲು. ಅವ್ವ ಈಗಲೇ ಹೋಗಿ ಗುಣಿಯ ಪಕ್ಕ ಕೂತಿದ್ದಾಳೆ, ಕರೆದರೂ ಏಳುತ್ತಿಲ್ಲ. ನಾಳೆ ನಾವು ಮೊಳದ ತನಕ ಅಗೆಯುತ್ತೇವೆ, ವಾಗೀಶ ಅವರೇ.

ಇಟ್ಟಿದ್ದೀರಿ ತಾನೇ?

ಹೊನ್ನೂರಮ್ಮ