ಬೂದನನ್ನು ಕಳಿಸಿದ್ದೇನೆ

ಪೆರೇಸಂದ್ರ
೧೨-೧-೧೯೫೮

ಚಿಂತಾಮಣಿಯಲ್ಲಿರುವ ರಾಮಾಂಜಿನಪ್ಪನವರಿಗೆ,

ಗಂಡನ ಹೆಸರು ಹೇಳಬಾರದೆಂದು ಇಷ್ಟು ವರ್ಷ ಹೇಳಲಿಲ್ಲ. ಇನ್ನು ಆ ಕಟ್ಟು ನನಗಿಲ್ಲ.

ನೀವೀಗ ಸಂಸಾರ ಹೂಡಿರುವ ಅಮ್ಮಾಜಮ್ಮನ ಮನೆಯಲ್ಲಿ ಕುರಿ ಸಾಕಿದ್ದೀರಂತೆ. ನಮ್ಮ ಕುರಿನಾಯಿ ಬೇಕೆಂದು ಹೇಳಿಕಳಿಸಿದ್ದಿರಿ. ಬಷೀರ್ ಸಾಬರ ಗಾಡಿಯಲ್ಲಿ ಬೂದನನ್ನು ಕಳಿಸಿದ್ದೇನೆ. ರಾಗಿಮುದ್ದೆಯನ್ನು ಮಜ್ಜಿಗೆಯಲ್ಲಿ ಕಲಸಿ ಹಾಕಿ. ಕುರಿ ಮೇಯಿಸಿ ಬಂದ ಮೇಲೆ ಅವನ ಪಾದದ ಮುಳ್ಳು ತೆಗೆಯಿರಿ. ಮುದ್ದೆ ಹಾಕಿದ ಮನೆಯವರನ್ನೆಲ್ಲ ಅವನು ತನ್ನ ಮಂದೆಯೆಂದೇ ತಿಳಿಯುತ್ತಾನೆ.

ದೀಪ ಹಚ್ಚಿದ ಮೇಲೆ ಮಾತ್ರ ಎಚ್ಚರ. ಆಮೇಲೆ ಕುರಿಯಾಗಲಿ ಮನುಷ್ಯರಾಗಲಿ, ಹೊಸಿಲು ದಾಟಿದವರ ಹಿಮ್ಮಡಿ ಹಿಡಿದು ಒಳಗೆ ತರುತ್ತಾನೆ. ಮೊನ್ನೆ ನಮ್ಮಪ್ಪ, "ಬೀಡಿ ತರೋಕ್ ಹೋಗ್ತಿದೀನಿ, ಬಿಡೋ" ಎಂದು ಕೂಗಿಕೊಂಡರೂ ಬಿಡಲಿಲ್ಲ.

ಈಚೆಗೆ ನೀವು ಸಂಜೆ ಹೊತ್ತು ಕೈವಾರದಲ್ಲಿ ಯಾರದೋ ಮನೆಗೆ ಹೋಗಿಬರುತ್ತೀರೆಂದು ಕೇಳಿದೆ. ಬೂದನ ಈ ಗುಣವನ್ನು ಅಮ್ಮಾಜಮ್ಮನಿಗೆ ಬಷೀರ್ ಸಾಬರ ಬಾಯಲ್ಲಿ ಮೊದಲೇ ತಿಳಿಸಿದ್ದೆ. "ಬೇಗ ಕಳ್ಸಕ್ಕಾ" ಅಂದಳಂತೆ. ಸಂಜೆ ಸರಪಳಿ ಬಿಚ್ಚುವ ಕೆಲಸ ಆಕೆಯದು.

"ಈಗ್ ಬಂದೆ, ಬಾಗ್ಲು ಹಾಕ್ಬೇಡ" ಎಂದು ನೀವು ನನ್ನ ಹೊಸಿಲು ದಾಟಿದ ಸಂಜೆ ಬೂದ ಇನ್ನೂ ಕಣ್ಣು ಬಿಡದ ಮರಿ. ಈಗ ಅವನ ಹಲ್ಲು ಗಟ್ಟಿಯಾಗಿವೆ.

ಇಂತಿ,
ಬಾಗಿಲು ಹಾಕಿಕೊಂಡಿರುವ
ಶ್ಯಾಮಲಮ್ಮ