ಯಂತ್ರ ಹತ್ತದ ದಿಬ್ಬ

ಪ್ರೀತಿಯ ತಮ್ಮ ಪ್ರಸಾದನಿಗೆ,

ಆರು ವರ್ಷದ ಮೇಲೆ ಅಕ್ಕ ಕಾಗದ ಬರೆದಿದ್ದಾಳೆ ಎಂದರೆ ಯಾರೋ ಹೋಗಿಬಿಟ್ಟರು ಎಂದು ನೀನು ಹೆದರಬಹುದು. ಎಲ್ಲರೂ ಚೆನ್ನಾಗಿದ್ದಾರೆ. ನಾನು ಹುಲ್ಲು ಕತ್ತರಿಸುವ ಗಾಡಿ ಕೊಳ್ಳಲು ಹೊರಟಿದ್ದೇನೆ. ನಗಬೇಡ. ನಿನ್ನನ್ನು ಕೇಳದೆ ಈ ಮನೆಗೆ ಒಂದು ಮಿಕ್ಸಿಯೂ ಬಂದದ್ದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅದಕ್ಕೇ ಎಂದು ಮೂರು ದಿನದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಮನೆ ಹಿಂದಿನ ಬಾಣೆ ನಿನಗೆ ಗೊತ್ತಲ್ಲ, ಮೂರು ಎಕರೆ ಹುಲ್ಲು, ಒಂದು ಕಡೆಯೂ ಮಟ್ಟವಿಲ್ಲ. ಹೋಂಸ್ಟೇಗೆ ಬಂದವರಿಗೆ ಸಂಜೆ ಅಲ್ಲೇ ಕೂರಬೇಕು. ಹುಲ್ಲು ಮೊಣಕಾಲಿಗೆ ಬಂದರೆ ಜಿಗಣೆ ಹತ್ತಿಸಿಕೊಂಡು, ಕುಣಿಯುತ್ತಾ ಕೋಣೆ ಸೇರುತ್ತಾರೆ. ಇಷ್ಟು ವರ್ಷ ನಮ್ಮ ಮಾರಿ ಹೆಗಲಿಗೆ ಮೆಷಿನ್ ಹಾಕಿಕೊಂಡು ಕೊಚ್ಚುತ್ತಿದ್ದ. ಈಗ ಅವನಿಗೆ ಬೆನ್ನು ಬಗ್ಗುವುದಿಲ್ಲ. "ಕೂತ್ಕಂಡು ಓಡಿಸೋ ಗಾಡಿ ತನ್ನಿ ಅಕ್ಕಾವ್ರೇ, ನಾನೂ ಸಾಹೇಬ್ರ ತರ ಹೊಡೀತೀನಿ" ಎಂದು ಅವನದೇ ಹಟ.

ಹೋದ ವಾರ ಅಂಗಡಿಯವರು ಎರಡು ಗಾಡಿ ತಂದು ತೋರಿಸಿದರು. ಒಂದು ಜೀರೋ ಟರ್ನ್. ಸ್ಟೀರಿಂಗ್ ಇಲ್ಲ, ಎರಡು ಹಿಡಿ. ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ಸಿಲ್ವರ್ ಓಕ್ ಮರದ ಬುಡವನ್ನು ಅದು ಸುತ್ತಿದ ಚಂದಕ್ಕೆ ನಾನು ಮರುಳಾದೆ. ಇನ್ನೊಂದು ಸ್ಟೀರಿಂಗ್ ಇರುವ, ಪುಟ್ಟ ಟ್ರ್ಯಾಕ್ಟರಿನಂಥದ್ದು. ತಿರುಗಲು ಅಂಗಳದಷ್ಟು ಜಾಗ ಬೇಕು. ನೀನಿದ್ದಿದ್ದರೆ ಮೊದಲು ಟೈರಿಗೆ ಒದ್ದು ನೋಡಿ, ಆಮೇಲೆ ಗಾಡಿಯ ಕೆಳಗೆ ತೂರಿ ಅಂಗಿಯೆಲ್ಲ ಗ್ರೀಸ್ ಮಾಡಿಕೊಳ್ಳುತ್ತಿದ್ದೆ.

ಗಾಡಿ ಓಡಿಸಿ ತೋರಿಸಲು ಬಂದವನು ಅಂಗಡಿಯ ಹುಡುಗ ಸತೀಶ್. ಬೆಳಿಗ್ಗೆ ಮಳೆ ಹನಿದು ಹುಲ್ಲು ಒದ್ದೆಯಾಗಿತ್ತು. ಒಣಗಲಿ ಎಂದು ಮಾರಿ ಹೇಳಿದರೂ ಕೇಳದೆ ಜೀರೋ ಟರ್ನನ್ನು ಇಳಿಜಾರಿನಲ್ಲಿ ಅಡ್ಡಕ್ಕೆ ಬಿಟ್ಟ. ಹಿಂದಿನ ಚಕ್ರಗಳು ಹಿಡಿತ ತಪ್ಪಿ, ಗಾಡಿ ಮಗ್ಗುಲಿಗೇ ಜಾರುತ್ತಾ ಹೋಗಿ ಕಾಫಿ ಗಿಡಗಳಿಗೆ ಸಿಕ್ಕಿ ನಿಂತಿತು. ಅವನಿಗೆ ಏನೂ ಆಗಲಿಲ್ಲ. ನಾವು ಓಡಿಹೋಗಿ ಕೇಳುವ ಮೊದಲೇ ಅವನು, "ತಪ್ಪು ನಂದೇ ಮೇಡಂ. ಅವ್ರು ಹೇಳಿದ್ರು, ನಾನೇ ಕೇಳ್ಲಿಲ್ಲ" ಅಂದ.

ಉಸಿರು ಬಿಡುವಷ್ಟರಲ್ಲಿ ಹೇಳಿ ಮುಗಿಸಿದ, ಪ್ರಸಾದ. ಆರು ವರ್ಷದಿಂದ ನನ್ನ ಬಾಯಿಗೆ ಬಾರದಿದ್ದ ಮಾತು ಅದು.

ಬಾಣೆಯ ತುದಿಯ ಕಡಿದಾದ ದಿಬ್ಬದಲ್ಲಿ ಹುಲ್ಲು ಕೊಯ್ಯಲು ಅಪ್ಪನ ಕಾಲದಿಂದಲೂ ಇಬ್ಬರು ಬೇಕು. ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಕತ್ತಿಯಲ್ಲಿ ಕೊಯ್ಯುವುದು, ಇನ್ನೊಬ್ಬರು ಮೇಲೆ ನೇರಳೆ ಮರದ ಬೇರಿಗೆ ಕಾಲು ಕೊಟ್ಟು ಹಗ್ಗ ಹಿಡಿಯುವುದು. "ಹಿಡ್ಕಂಡಿದ್ಯಾ ಅಕ್ಕಾ?" ಎಂದು ಹೆಜ್ಜೆಗೊಮ್ಮೆ ಕೇಳುತ್ತಿದ್ದೆ ನೀನು. ನೀನು ಬಿದ್ದ ದಿನವೂ ಹಾಗೇ ಕೇಳಿದೆ. ನಾನು ಹ್ಞೂಂ ಅಂದೆ. ಆಗಲೇ ನಮ್ಮ ಹೋಂಸ್ಟೇಗೆ ಮೊದಲ ಅತಿಥಿಗಳ ಫೋನ್ ಬಂತು. ಹಗ್ಗವನ್ನು ಒಂದೇ ಕೈಗೆ ಬಿಟ್ಟು ಫೋನ್ ಎತ್ತಿದೆ. ಹಗ್ಗ ಕೈಜಾರಿ ಹೋಯಿತು. ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ, "ಗಂಟು ಸರಿಯಾಗಿ ಹಾಕ್ಕಂಡಿರ್ಲಿಲ್ಲ, ಯಾವಾಗ್ಲೂ ಅವಸರ ಅವ್ನಿಗೆ" ಎಂದೆ. ನೀನು ಹಾಸಿಗೆಯಿಂದ ನನ್ನನ್ನು ನೋಡಿದೆ. ಕಾಲಿನ ಪಟ್ಟಿ ಬಿಚ್ಚಿದ ವಾರವೇ ಶನಿವಾರಸಂತೆಗೆ ಹೋಗಿ ಪಂಪ್ ರಿಪೇರಿ ಅಂಗಡಿ ಇಟ್ಟೆ.

ಗಂಟು ಸರಿಯಾಗಿತ್ತು ಕಣೋ. ಕೈಬಿಟ್ಟವಳು ನಾನು. ಇದನ್ನು ಮಾರಿಗೂ ಹೇಳಿದ್ದೇನೆ, ಚಿಕ್ಕಪ್ಪನ ಮನೆಗೆ ಹೋಗಿ ಎಲ್ಲರ ಎದುರಿಗೂ ಹೇಳಿ ಬಂದಿದ್ದೇನೆ.

ನಿನ್ನ ಊರಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಸಂತೆಯ ದಿನ ಎರಡು ಸಲ ಬಂದು, ನಿನ್ನ ಅಂಗಡಿ ಎದುರಿನ ಹಣ್ಣಿನ ಗಾಡಿ ಹಿಂದೆ ನಿಂತು ನೋಡಿ ವಾಪಸಾದೆ. ನೀನು ಎಡಗಾಲು ಎಳೆಯುತ್ತಾ ನಡೆಯುವುದನ್ನು ಕಂಡ ಮೇಲೆ ಮುಂದೆ ಬರಲು ನನಗೆ ಮುಖವಿರಲಿಲ್ಲ. ಅಕ್ಕಿರೊಟ್ಟಿ ಮಾಡಿದಾಗಲೆಲ್ಲ ಸೀದ ಅಂಚನ್ನು ಮುರಿದು ಪಕ್ಕಕ್ಕಿಡುತ್ತೇನೆ. ಅದನ್ನು ಕೇಳಿ ತಿನ್ನುವವರು ಈ ಮನೆಯಲ್ಲಿ ನೀನೊಬ್ಬನೇ.

ಸ್ಟೀರಿಂಗಿನ ಗಾಡಿಯೇ ಸರಿ ಎನ್ನಿಸಿದೆ. ಹುಲ್ಲು ಒಣಗಿದ ಮೇಲೆ ನೇರ ಮೇಲಕ್ಕೆ, ನೇರ ಕೆಳಕ್ಕೆ, ಅಡ್ಡ ಮಾತ್ರ ಓಡಿಸಕೂಡದು ಎಂದು ಸತೀಶ್ ಹೇಳಿಕೊಟ್ಟಿದ್ದಾನೆ. ಆದರೂ ನೀನು ಬಂದು ಟೈರಿಗೆ ಒದೆಯುವ ತನಕ ನಾನು ಕೊಳ್ಳುವುದಿಲ್ಲ.

ದಿಬ್ಬಕ್ಕೆ ಯಾವ ಗಾಡಿಯೂ ಆಗುವುದಿಲ್ಲವಂತೆ. ನೀನು ಹೋದ ಮೇಲೆ ಅಲ್ಲಿ ಯಾರೂ ಇಳಿದಿಲ್ಲ, ಹುಲ್ಲು ಆಳೆತ್ತರ ನಿಂತಿದೆ. ಬಾ. ಈ ಸಲ ಇಳಿಯುವವಳು ನಾನು. ಹಗ್ಗ ನೀನು ಹಿಡಿ.

ನೀನು ಕಾಲಿಟ್ಟಲ್ಲೆಲ್ಲ ನೆಲ ಗಟ್ಟಿಯಾಗಿರಲಿ ಎಂದು ಹರಸುವ,

ನಿನ್ನ ಅಕ್ಕ
ವಿಮಲ
ಸೋಮವಾರಪೇಟೆ