ಕಯಾಕಿನ ಹಿಂದಿನ ಸೀಟು

ಜುಮೇರಾ ಲೇಕ್ ಟವರ್ಸ್, ದುಬೈ
ಸೋಮವಾರ, ೧೦ ಡಿಸೆಂಬರ್ ೨೦೧೮

ಪ್ರೀತಿಯ ಹಿತಾ,

ಕ್ಷೇಮ ಎಂದು ಬರೆಯಲು ಹೊರಟರೆ ನನ್ನ ಭುಜ, ಸೊಂಟ, ಮೊಣಕಾಲು ಮೂರೂ ಒಪ್ಪುತ್ತಿಲ್ಲ. ಕುರ್ಚಿಯಿಂದ ಏಳುವಾಗ ಮೇಜು ಹಿಡಿಯುತ್ತೇನೆ, ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಪಕ್ಕದವರನ್ನು ಕರೆಯುತ್ತೇನೆ, ಆದರೂ ಆಫೀಸಿನಲ್ಲಿ ಕೂತಲ್ಲೇ ನಗು ಬರುತ್ತಿದೆ. ಫಿಸಿಯೋಥೆರಪಿಸ್ಟ್ ಮಗಳನ್ನು ಮೈಸೂರಿನಲ್ಲಿಟ್ಟು ಇಲ್ಲಿ ಒಬ್ಬಳೇ ಮುಲಾಮು ಹಚ್ಚಿಕೊಳ್ಳುವ ಹಣೆಬರಹ ನನ್ನದು. ಯಾಕೆ ಅಂತೀಯಾ? ನಿನ್ನ ಅಮ್ಮ ಶುಕ್ರವಾರ ಇಡೀ ದಿನ ಹತ್ತಾ ಬೆಟ್ಟಗಳಲ್ಲಿದ್ದಳು. ಬೆಟ್ಟ ಹತ್ತಿದಳು, ಅಣೆಕಟ್ಟಿನ ನೀರಿನಲ್ಲಿ ದೋಣಿ ನಡೆಸಿದಳು, ಕೊನೆಗೆ ತಂತಿಗೆ ನೇತುಬಿದ್ದು ಗಾಳಿಯಲ್ಲಿ ಜಾರಿ ಬಂದಳು. ಫೋಟೋ ಇದೆ, ಕಿರುಚುತ್ತಿರುವುದು ನಾನೇ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಒಂದು ಹೆಸರು ಬಂದ ಕೂಡಲೇ ನೀನು 'ಅಮ್ಮಾ, ಐ ಹ್ಯಾವ್ ಎ ಪೇಷೆಂಟ್' ಎಂದು ಇಟ್ಟುಬಿಡುತ್ತೀಯ. ಇಲ್ಲಿನ ಶುಕ್ರವಾರದ ಕನ್ನಡ ತರಗತಿಯಲ್ಲಿ ಕಲಿತ ಪುಣ್ಯಕ್ಕೆ ನಿನಗೆ ಕನ್ನಡ ಓದಲು ಬರುತ್ತದೆ, ಆದರೆ ನಿಧಾನ. ನನಗೆ ಆ ನಿಧಾನವೇ ಬೇಕು. ಒಂದು ಸಾಲಿಗೆ ಸಿಟ್ಟು ಬಂದರೂ ಮುಂದಿನ ಸಾಲು ಕೂಡಿಸಿ ಓದುವಷ್ಟರಲ್ಲಿ ಅರ್ಧ ಇಳಿದಿರುತ್ತದೆ.

ಕಳೆದ ವಾರ ನೀನು ಕೇಳಿದ್ದಕ್ಕೆ ಉತ್ತರವೂ ಇದರಲ್ಲೇ ಇದೆ. ಫೆಬ್ರವರಿಯಲ್ಲಿ ನಿನ್ನ ಮದುವೆ. ಧಾರೆ ಎರೆದುಕೊಡಲು ಯಾರು ಕೂರುತ್ತಾರೆ ಎಂದು ಆದರ್ಶನ ಮನೆಯವರು ಕೇಳುತ್ತಿದ್ದಾರೆ, ಲಗ್ನಪತ್ರಿಕೆ ಅಚ್ಚಿಗೆ ಹೋಗಬೇಕು. ಅಪ್ಪ ಬೇಡ, ಸೋದರಮಾವ ಮತ್ತು ಅತ್ತೆ ಕೂರಲಿ, 'ಜಸ್ಟ್ ಸೇ ಎಸ್ ಅಮ್ಮಾ' ಎಂದೆ. ಅಪ್ಪನಿಲ್ಲದೆ ಅಮ್ಮ ಒಬ್ಬಳೇ ಕೂರುವ ಪದ್ಧತಿ ಇಲ್ಲವಾದ್ದರಿಂದ ನನಗೂ ಕೆಳಗೆ ಕುರ್ಚಿಯೇ ಗತಿ ಎನ್ನುವುದು ನಿನಗೆ ಹೊಳೆದಿತ್ತೋ ಇಲ್ಲವೋ. ನಾನು ಹೂಂ ಅನ್ನಲಿಲ್ಲ, ಉಹೂಂ ಕೂಡ ಅನ್ನಲಿಲ್ಲ. ಒಲೆಯ ಮೇಲೆ ಹಾಲಿದೆ ಎಂದು ಫೋನ್ ಇಟ್ಟೆ. ಹಾಲೂ ಇರಲಿಲ್ಲ, ಏನೂ ಇರಲಿಲ್ಲ.

ಈಗ ಹತ್ತಾಕ್ಕೆ ಬಾ. ನಮ್ಮ ಕನ್ನಡ ಸಂಘದ ಪ್ರವಾಸ. ಸಂಘದ ಕಾರ್ಯದರ್ಶಿ ವಿಲ್ಫ್ರೆಡ್ ಪಾಯ್ಸ್ ನಿನಗೆ ನೆನಪಿರಬಹುದು. ದೇರಾದ ಹೋಟೆಲೊಂದರಲ್ಲಿ ಕೆಲಸ, ಊರು ಉಡುಪಿಯ ಹತ್ತಿರ, ಮಾತಿಗೊಮ್ಮೆ ಮಾರಾಯ್ರೆ. ಬೆಳಿಗ್ಗೆ ನಮ್ಮ ಕಟ್ಟಡದ ಕೆಳಗೇ ಬಸ್ಸು ಬಂತು. ದಾರಿಯುದ್ದಕ್ಕೂ ಅಂತ್ಯಾಕ್ಷರಿ. ಮರಳು ಕೆಂಪಾಗುತ್ತಾ ಬಂದು, ಇದ್ದಕ್ಕಿದ್ದಂತೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಲ್ಲುಬೆಟ್ಟಗಳು ಎದ್ದು ನಿಂತವು. ಅವುಗಳ ನಡುವೆ ಹಸಿರು ನೀರು! ಇಷ್ಟು ವರ್ಷ ಈ ದೇಶದಲ್ಲಿದ್ದು ಮಾಲ್ ಬಿಟ್ಟು ನಾನು ಏನು ನೋಡಿದ್ದೆ ಎಂದು ನನ್ನ ಮೇಲೇ ಬೇಜಾರಾಯಿತು.

ಅಷ್ಟರಲ್ಲಿ ಅಬುಧಾಬಿಯ ಬಸ್ಸು ಬಂತು. ಅದರಿಂದ ಇಳಿದವರಲ್ಲಿ ನಿಮ್ಮಪ್ಪ ಇದ್ದರು. ಪಿಕ್ನಿಕ್ಕಿಗೂ ಅದೇ ಸೈಟಿನ ಬೂಟು.

ಪತ್ರ ಮಡಿಸಬೇಡ, ಓದು.

ನನಗೆ ಮೈಯೆಲ್ಲ ಉರಿಯಿತು. ನಾನು ಬರುವುದು ಯಾರಿಂದಲೋ ತಿಳಿದು ಬೆನ್ನು ಹತ್ತಿ ಬಂದಿದ್ದಾರೆ ಎಂದುಕೊಂಡೆ. ಅವರು ನೇರವಾಗಿ ಬಂದು, "ಥ್ಯಾಂಕ್ಸ್ ಮಣಿ, ನನ್ನ ಹೆಸರೂ ಕೊಟ್ಟಿದ್ದಕ್ಕೆ" ಅಂದರು. ನಾನು ಯಾರ ಹೆಸರೂ ಕೊಟ್ಟಿರಲಿಲ್ಲ ಕಣೇ. ಆದದ್ದೇನೆಂದರೆ, ಸಂಘದಲ್ಲಿ ನಮ್ಮದು ಇನ್ನೂ ಫ್ಯಾಮಿಲಿ ಮೆಂಬರ್‌ಶಿಪ್. ನಾನು ಬರುತ್ತೇನೆ ಎಂದ ಕೂಡಲೇ ಪಾಯ್ಸ್ ಅವರು 'ಶ್ರೀನಿವಾಸಮೂರ್ತಿ ದಂಪತಿ' ಎಂದು ಬರೆದುಕೊಂಡು ಅಬುಧಾಬಿಗೆ ಫೋನ್ ಮಾಡಿ, ಮೇಡಂ ಹೆಸರು ಕೊಟ್ಟಿದ್ದಾರೆ, ನೀವು ತಪ್ಪಿಸಬೇಡಿ ಎಂದಿದ್ದಾರೆ. ಅವರ ತಪ್ಪೂ ಅಲ್ಲ. ನಾವು ಬೇರೆಯಾಗಿದ್ದೇವೆಂದು ಯಾರಿಗೆ ಹೇಳಿದ್ದೆವು? ಈ ದೇಶದಲ್ಲಿ ಗಂಡನಿಗೆ ಅಬುಧಾಬಿಯ ಬನಿಯಾಸಿನಲ್ಲಿ ಮನೆ, ಹೆಂಡತಿಗೆ ದುಬೈಯಲ್ಲಿ ಮನೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ದಿನಾ ಓಡಾಡಲು ಟ್ರಾಫಿಕ್ ಅಲ್ಲವಾ ಎಂದು ಅವರೇ ಕಾರಣವನ್ನೂ ಕೊಟ್ಟುಬಿಡುತ್ತಾರೆ. ನಾಲ್ಕು ವರ್ಷ ನಾವಿಬ್ಬರೂ ಆ ಟ್ರಾಫಿಕ್ಕಿನ ಹಿಂದೆ ಮರ್ಯಾದೆಯಾಗಿ ಅಡಗಿಕೊಂಡಿದ್ದೆವು.

ನಾನು ಕೊಟ್ಟಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿದೆ. ಕರೆಸಿಕೊಂಡಿದ್ದಾಳೆ ಎಂದು ಅಷ್ಟು ಸಂತೋಷಪಟ್ಟಿದ್ದರು. ತುಸು ದೂರ ದೂರವೇ ನಡೆದು ಬೆಟ್ಟ ಹತ್ತಿದೆವು, ಇಳಿದೆವು, ನಾನು ಬೇರೆ ಹೆಂಗಸರ ಜೊತೆ ಮಾತಾಡುತ್ತಾ ತಪ್ಪಿಸಿಕೊಂಡೆ. ಕಯಾಕ್ ದೋಣಿಗಳ ಹತ್ತಿರ ಸಿಕ್ಕಿಬಿದ್ದೆ. ಒಂದೊಂದರಲ್ಲೂ ಇಬ್ಬರು ಹಿಂದೆ ಮುಂದೆ ಕೂರಬೇಕು. ನಾನು ಬೇರೊಬ್ಬರ ಜೊತೆ ಹೋಗುತ್ತೇನೆಂದರೆ ಪಾಯ್ಸ್ ಬಿಡಬೇಕಲ್ಲ. "ಎಂತ ಮೇಡಂ, ವಾರಕ್ಕೊಮ್ಮೆ ಸಿಗುವ ಗಂಡನನ್ನು ದಡದಲ್ಲಿ ಬಿಟ್ಟು ಹೋಗುದಾ? ಕೂತ್ಕೊಳ್ಳಿ ಮಾರಾಯ್ರೆ, ಯಲ್ಲಾ ಯಲ್ಲಾ!" ಸುತ್ತ ಎಲ್ಲರೂ ಚಪ್ಪಾಳೆ ತಟ್ಟಿದರು. ಏನು ಮಾಡಲಿ ಹೇಳು.

ನಿಮ್ಮಪ್ಪನ ಕೆಲಸ ಸೇಫ್ಟಿ ಆಫೀಸರ್, ಬುದ್ಧಿಯೂ ಅದೇ. ನಿನ್ನನ್ನು ಜಾರುಬಂಡೆ ಹತ್ತಲು ಬಿಟ್ಟವರಲ್ಲ, ಸಮುದ್ರದಲ್ಲಿ ಮೊಣಕಾಲು ಮುಳುಗಿದರೆ ಶಿಳ್ಳೆ ಹಾಕುತ್ತಿದ್ದವರು. ಲೈಫ್ ಜಾಕೆಟ್ಟಿನ ಪಟ್ಟಿ ಎಳೆದು ಎಳೆದು ನನಗೆ ಉಸಿರು ಕಟ್ಟಿಸಿದರು. ಹಿಂದೆ ಕೂತವರೇ ದಿಕ್ಕು ತಿರುಗಿಸುವುದು ಎಂದು ಕೇಳಿ ತಾವೇ ಹಿಂದೆ ಕೂರಲು ಹೋದರು. ಅಲ್ಲಿದ್ದ ಗೈಡ್ ಕೀನ್ಯಾದ ಒಬ್ಬ ಹೆಂಗಸು. ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಭಾರ ಇರುವವರು ಹಿಂದೆ ಎಂದು ನನ್ನ ಕಡೆ ಕೈ ತೋರಿಸಿದಳು. ಅವಮಾನ ಆಗಬೇಕಿತ್ತು, ಆಗಲಿಲ್ಲ. ಜೀವನದಲ್ಲಿ ಮೊದಲ ಸಲ ನಿಮ್ಮಪ್ಪನ ಬಂಡಿಗೆ ನಾನು ಡ್ರೈವರ್!

ಮೊದಲು ಗಾಣದ ಎತ್ತಿನ ಹಾಗೆ ಇದ್ದಲ್ಲೇ ಸುತ್ತಿದೆವು. ಅವರು ಎಡಕ್ಕೆ ಹುಟ್ಟು ಹಾಕಿದರೆ ನಾನು ಬಲಕ್ಕೆ. ಒನ್ ಟೂ, ಒನ್ ಟೂ ಎಂದು ಎಣಿಸತೊಡಗಿದರು. ನಾನು ಎಣಿಕೆ ಖಲಾಸ್, ಸುಮ್ಮನೆ ನನ್ನ ಹುಟ್ಟಿನ ಸದ್ದು ಕೇಳಿ ಹಾಕಿ ಎಂದೆ. ಕೇಳಿದರು! ಕಯಾಕ್ ನೆಟ್ಟಗೆ ಹೊರಟಿತು ನೋಡು, ನನಗೆ ಬಂದ ಖುಷಿ ಹೇಳತೀರದು. ಎರಡೂ ಕಡೆ ಬೆಟ್ಟ, ತಣ್ಣನೆ ಗಾಳಿ, ಉಳಿದವರ ಗಲಾಟೆಯೆಲ್ಲ ಹಿಂದೆ ಉಳಿಯಿತು. ಬಗ್ಗಿ ನೀರು ಮುಟ್ಟಿದೆ. ಅವರು ಬಗ್ಗಬೇಡ ಎಂದು ಚೀರಿದರು. ಯಾಕ್ರೀ ಎಂದರೆ, ತಮಗೆ ಈಜು ಬರುವುದಿಲ್ಲ ಎಂದರು. ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ ನನಗೆ ಸಿಕ್ಕ ಸುದ್ದಿ ಇದು. ನಮ್ಮ ಕಟ್ಟಡದ ಕೊಳದಲ್ಲಿ ನಾನು ಕಲಿತಿದ್ದೇನೆ, ಬಿದ್ದರೆ ನಾನೇ ಎಳೆದುಕೊಂಡು ಬರುತ್ತೇನೆ ಬಿಡಿ ಎಂದೆ.

ಆಮೇಲೆ ಮಾತಾಡತೊಡಗಿದರು. ಮುಖಕ್ಕೆ ಮುಖ ಕೊಟ್ಟು ಒಂದು ಮಾತಾಡಲಾರದ ಮನುಷ್ಯ, ನನಗೆ ಬೆನ್ನು ಮಾಡಿ ಕೂತದ್ದಕ್ಕೋ ಏನೋ, ಊರಿನಲ್ಲಿ ನಡೆದ ನಿನ್ನ ಪದವಿ ಪ್ರದಾನದ ದಿನದ ವಿಷಯ ತಾವಾಗಿ ತೆಗೆದರು. ನೀನು ಪಕ್ಕದ ಕುರ್ಚಿಯಲ್ಲಿ ಬ್ಯಾಗ್ ಇಟ್ಟು ಸಂಜೆಯವರೆಗೆ ಯಾರನ್ನೂ ಕೂರಲು ಬಿಡದ ದಿನ. ಅವರಿಂದ ಬಂದದ್ದು 'ಕೆಲಸ ಇದೆ, ಬರಲಾಗುವುದಿಲ್ಲ' ಎಂಬ ಮೆಸೇಜ್ ಮಾತ್ರ. ಅಂದಿನಿಂದ ನೀನು ಮಾತು ಬಿಟ್ಟೆ, ಮೊದಲೇ ಮೌನವ್ರತದ ಆ ಮನೆಯಲ್ಲಿ ನನಗೂ ಸಾಕಾಗಿ ಎದ್ದು ಬಂದೆ. ಹಿತಾ, ಆ ವಾರ ಅವರ ಸೈಟಿನಲ್ಲಿ ಒಬ್ಬ ಕೆಲಸಗಾರ ಮೇಲಿಂದ ಬಿದ್ದಿದ್ದನಂತೆ. ಪುಣ್ಯಕ್ಕೆ ಬದುಕಿಕೊಂಡ. ವಿಚಾರಣೆ ಮುಗಿಯುವವರೆಗೆ ನಿಮ್ಮಪ್ಪನ ಪಾಸ್‌ಪೋರ್ಟ್ ಪೊಲೀಸರ ಹತ್ತಿರ ಇತ್ತಂತೆ. ತಪ್ಪು ಅವರದಲ್ಲ ಎಂದು ಆಮೇಲೆ ತೀರ್ಮಾನವಾಯಿತು. ಆದರೆ ಅಂದು ಅವರು ವಿಮಾನ ಹತ್ತುವ ಹಾಗೇ ಇರಲಿಲ್ಲ. ನಮಗೆ ಭಯವಾಗಬಾರದು ಎಂದು ಹೇಳಲಿಲ್ಲವಂತೆ, ಆಮೇಲೆ ಹೇಳಲು ಹೋದರೆ ನೆಪ ಹೇಳಿದ ಹಾಗಾಗುತ್ತದೆ ಎಂದು ಸುಮ್ಮನಾದರಂತೆ.

ಪಾಪ ಎನಿಸಿತು ಎಂದು ಬರೆಯಬೇಕು. ಎನಿಸಲಿಲ್ಲ. ಕೆಟ್ಟ ಕೋಪ ಬಂತು. ಹುಟ್ಟನ್ನು ನೀರಿಗೆ ಬಡಿದೆ, ಕಯಾಕ್ ವಾಲಿತು, ಅವರು ಎರಡೂ ಅಂಚು ಹಿಡಿದುಕೊಂಡರು. ಹೆಂಡತಿ ಮಗಳು ಒಂದು ದಿನ ಹೆದರಿಕೊಳ್ಳಬಾರದು, ವರ್ಷಗಟ್ಟಲೆ ಹೊಟ್ಟೆ ಉರಿದುಕೊಂಡಿರಬಹುದು, ಇದು ಎಂಥ ಸೇಫ್ಟಿ ರೀ ಎಂದು ಕೇಳಿದೆ. ಬೆಟ್ಟಕ್ಕೆಲ್ಲ ಕೇಳಿಸಿರಬೇಕು. ಅವರು ಮತ್ತೆ ಹುಟ್ಟು ಹಿಡಿದರು. ಹಿಂದಿನಿಂದ ಅವರ ಕುತ್ತಿಗೆ ಮಾತ್ರ ಕಾಣುತ್ತಿತ್ತು, ಕೂದಲೆಲ್ಲ ಬೆಳ್ಳಗಾಗಿದೆ. ಆಮೇಲೆ ಮೆಲ್ಲಗೆ, "ಹಿತಾ ಮದುವೆಗೆ ಬರಬಹುದಾ ಮಣಿ? ಹಸೆಗೆ ಕೂರಿಸಿ ಅಂತ ಅಲ್ಲ. ಬೇಡ ಅಂದ್ರೆ ಹಿಂದೆ ಎಲ್ಲಾದ್ರೂ ಕೂತು, ಅಕ್ಷತೆ ಹಾಕಿ ಹೊರಟುಬಿಡ್ತೀನಿ" ಅಂದರು.

ಆಗ ಅಳು ಬಂತು ಹಿತಾ. ಅವರು ತಿರುಗಿ ನೋಡುವ ಹಾಗಿರಲಿಲ್ಲ, ತಿರುಗಿದರೆ ಇಬ್ಬರೂ ನೀರಿನಲ್ಲಿ. ಸಾಕಷ್ಟು ಅತ್ತೆ.

ನೀನೇ ಅವಳಿಗೆ ಒಂದು ಮಾತು ಹೇಳಿ ನೋಡು ಎಂದರು. ನಾನು ಹೇಳುವುದಿಲ್ಲ, ನಿಮಗೆ ಬಾಯಿ ಇದೆಯಲ್ಲ, ಹೋಗಿ ನೀವೇ ಕೇಳಿ ಎಂದೆ. ನಿನ್ನಿಂದ ಕೇಳಿಸಿಕೊಳ್ಳಬೇಕಾದ್ದನ್ನು ನನ್ನ ಮೂಲಕ ತರಿಸಿಕೊಳ್ಳುವುದು ಇನ್ನು ನಡೆಯುವುದಿಲ್ಲ. ಪಾಸ್‌ಪೋರ್ಟಿನ ವಿಷಯ ಹೇಳುವುದೂ ನಿಜವಾಗಿ ಅವರ ಕೆಲಸವೇ, ಆದರೆ ನನ್ನ ಹೊಟ್ಟೆಯಲ್ಲಿ ಅದು ನಿಲ್ಲುತ್ತಿಲ್ಲ, ನಿನಗೆ ಗೊತ್ತಲ್ಲ.

ದಡಕ್ಕೆ ಬಂದು ಬಿಸಿಬೇಳೆಬಾತು, ಮೊಸರನ್ನ ಹೊಡೆದೆವು. ಮಂಗಳೂರಿನವರ ಸಾಲಿನಲ್ಲಿ ಕೋಳಿಸಾರಿನ ಕೋರಿ ರೊಟ್ಟಿಯೂ ಇತ್ತು, ಪಾಯ್ಸ್ ನಮ್ಮಂಥ ಸಸ್ಯಾಹಾರಿಗಳನ್ನು ಅತ್ತ ಸುಳಿಯಲು ಬಿಡಲಿಲ್ಲ. ಊಟವಾದ ಮೇಲೆ ಜಿಪ್‌ಲೈನ್. ಸಂಘದ ಹೆಂಗಸರಲ್ಲಿ ಯಾರೂ ಮುಂದೆ ಬರಲಿಲ್ಲ. ನಾನು ಕೈ ಎತ್ತಿದೆ. ಯಾಕೆ ಎತ್ತಿದೆನೋ ಗೊತ್ತಿಲ್ಲ, ಅತ್ತು ಹಗುರಾಗಿದ್ದೆ, ಅಷ್ಟೇ. ನಿಮ್ಮಪ್ಪ ಮೆಟ್ಟಿಲವರೆಗೂ ಬಂದು ಕೊಕ್ಕೆ, ಬೆಲ್ಟು, ತಂತಿ ಎಲ್ಲ ನೋಡಿದರು. ಇನ್ನೇನು ಬೇಡ ಅನ್ನುತ್ತಾರೆ, ಅಂದರೆ ಏನು ಉತ್ತರ ಕೊಡಬೇಕು ಎಂದು ನಾನು ತಯಾರಾಗಿ ನಿಂತಿದ್ದೆ. ಅವರು ಹೆಲ್ಮೆಟ್ಟಿನ ಗುಂಡಿ ಹಾಕಿ, "ಸರಿಯಾಗಿದೆ, ಹೋಗು" ಅಂದರು.

ಹೋದೆ ಕಣೇ! ಕಾಲ ಕೆಳಗೆ ನೆಲವಿಲ್ಲ, ಚೂಡಿದಾರದ ದುಪಟ್ಟಾ ಮೊದಲೇ ಬಿಚ್ಚಿಸಿಟ್ಟಿದ್ದರು, ಗಾಳಿ ಕಿವಿಯೊಳಗೆಲ್ಲ ನುಗ್ಗಿತು. ಅಯ್ಯಯ್ಯೋ ಎಂದು ಕಿರುಚುತ್ತಾ ಹೊರಟವಳು ಆ ತುದಿ ಮುಟ್ಟುವಾಗ ಹುಚ್ಚಿಯ ಹಾಗೆ ನಗುತ್ತಿದ್ದೆ. ಇನ್ನೊಮ್ಮೆ ಹೋಗಬಹುದಾ ಎಂದು ಕೇಳಿದೆ, ಸಾಲು ಇದೆ ಎಂದು ಕಳಿಸಿಬಿಟ್ಟರು.

ಈಗ ಉತ್ತರ ಕೇಳು. ನಾವಿಬ್ಬರೂ ಒಂದಾಗಿಬಿಟ್ಟೆವು ಎಂದು ಆದರ್ಶನಿಗೆ ಫೋನ್ ಮಾಡಬೇಡ. ಸಂಜೆ ಅವರು ಅಬುಧಾಬಿಯ ಬಸ್ಸು ಹತ್ತಿದರು, ನಾನು ನನ್ನ ಬಸ್ಸು ಹತ್ತಿದೆ. ಈ ಪುಟ್ಟ ಫ್ಲ್ಯಾಟು, ಇದರ ಸದ್ದು, ನನ್ನ ಸಂಬಳದ ಸೋಫಾ ಎಲ್ಲ ನನಗಿಷ್ಟ. ಯಾರಿಗೂ ಬಿಟ್ಟುಕೊಡುವ ಮನಸ್ಸಿಲ್ಲ. ಆದರೆ ನಿನ್ನ ಕೈಯನ್ನು ಆದರ್ಶನ ಕೈಯಲ್ಲಿಟ್ಟು ನೀರು ಬಿಡುವಾಗ ನನಗೆ ಕೆಳಗಿನ ಕುರ್ಚಿ ಬೇಡ. ನಾನು ಹಸೆಯ ಮೇಲೆ ಕೂರಬೇಕು, ಪಕ್ಕದಲ್ಲಿ ನಿಮ್ಮಪ್ಪ ಕೂರಬೇಕು. ಇದು ನನ್ನ ಆಸೆ, ಆಜ್ಞೆಯಲ್ಲ. ಅವರ ಮೇಲೆ ನಿನಗಿರುವ ಸಿಟ್ಟು ನಿನ್ನದು, ಅದನ್ನು ಬಿಡು ಎನ್ನುವ ಹಕ್ಕು ನನಗಿಲ್ಲ. ನೀನು ಮಾವನೇ ಕೂರಲಿ ಎಂದರೂ ನಾನು ರೇಷ್ಮೆ ಸೀರೆ ಉಟ್ಟು ನಗುತ್ತಲೇ ಇರುತ್ತೇನೆ. ಒಳಗೆ ಏನಾಗುತ್ತದೋ ಅದನ್ನು ನಾನು ನೋಡಿಕೊಳ್ಳುತ್ತೇನೆ.

ಭುಜಕ್ಕೆ ಬಿಸಿ ಕೊಡಬೇಕೋ ಐಸ್ ಇಡಬೇಕೋ, ಅದನ್ನೊಂದು ಬೇಗ ತಿಳಿಸು.

ನಿನ್ನನ್ನು ಮುದ್ದು ಮಾಡಲೂ ಕೈ ಎತ್ತಲಾಗದ,
ಅಮ್ಮ
(ನಾಗಮಣಿ)

ಮರೆತಿದ್ದೆ: ಮರೆತಿರಲಿಲ್ಲ, ಕೊನೆಗೆ ಹೇಳೋಣ ಎಂದಿದ್ದೆ. ಈ ಕವರನ್ನು ನಿಮ್ಮ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೊಟ್ಟವರು ನಿಮ್ಮಪ್ಪ. ಭಾನುವಾರವೇ ರಜೆ ಕೇಳಿ ಟಿಕೆಟ್ ಮಾಡಿಸಿದರು, ನಿನ್ನನ್ನು ಕೇಳಲೆಂದೇ ಬಂದಿದ್ದಾರೆ. ಒಳಗೆ ನಾನೇನು ಬರೆದಿದ್ದೇನೆಂದು ಅವರಿಗೆ ಗೊತ್ತಿಲ್ಲ. ಅವಳನ್ನು ಕರೆಸಬೇಡಿ, ಕವರ್ ಕೊಟ್ಟು ಹೊರಗೆ ಕೂತಿರಿ ಎಂದು ಹೇಳಿದ್ದೇನೆ. ನೀನು ಬರದಿದ್ದರೆ ಎದ್ದು ಹೋಗುತ್ತಾರಂತೆ, ಬೇಜಾರು ಮಾಡಿಕೊಳ್ಳುವುದಿಲ್ಲವಂತೆ. ಸುಳ್ಳು. ವಿಮಾನ ಇಳಿದು ನೇರ ಅಲ್ಲಿಗೇ ಬಂದಿರುತ್ತಾರೆ, ತಿಂಡಿ ತಿಂದಿರುವುದಿಲ್ಲ.